ತಾರಸಿ ಗಿಡಗಳಿಗೆ ಟೈಮರ್ ಡ್ರಿಪ್ ಕಿಟ್: ಶನಿವಾರ ಭಾನುವಾರ ಊರು ಬಿಡೋರಿಗೆ ಆಗತ್ತಾ?

ನಾವು ಊರಲ್ಲಿಲ್ಲದಾಗ ಹೊತ್ತಿಗೆ ಸರಿಯಾಗಿ ನೀರು ತೆರೆದು, ಸಣ್ಣ ಟ್ಯೂಬಲ್ಲಿ ಪ್ರತಿ ಕುಂಡಕ್ಕೂ ತೊಟ್ಟುತೊಟ್ಟಾಗಿ ಬಿಡೋ ಕಿಟ್ ಇದು. ಮೊದಲೇ ಹೇಳ್ಬಿಡ್ತೀನಿ, ಕೊಂಡ್ಕೊಳ್ಳಿ. ಆದ್ರೆ ಯಾವ್ದನ್ನ ಕೊಳ್ತಿದೀರ ಅಂತ ನೋಡಿ ಕೊಂಡ್ಕೊಳ್ಳಿ, ಯಾಕಂದ್ರೆ ಆನ್‌ಲೈನಲ್ಲಿ ಪಕ್ಕಪಕ್ಕ ಒಂದೇ ಥರ ಕಾಣೋ ಎರಡು ಟೈಮರಲ್ಲಿ ಒಂದು ನಮ್ಮ ಬೆಂಗಳೂರು ತಾರಸಿ ಮೇಲೆ ಬೊಂಬಾಟಾಗಿ ಕೆಲಸ ಮಾಡತ್ತೆ, ಇನ್ನೊಂದರಿಂದ ತೊಟ್ಟು ನೀರು ಬರಲ್ಲ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ. ಅದೇ ಹಸಿರು ಡಬ್ಬಿಗೆ ಹತ್ತು ಕಂಪನಿಯವರು ಹತ್ತು ಸ್ಟಿಕ್ಕರ್ ಅಂಟಿಸಿ ಮಾರ್ತಾರೆ, ಹೆಸರಿಗಿಂತ ಒಳಗಡೆ ನೀರು ಬಿಟ್ಟು ನಿಲ್ಲಿಸೋ ವಾಲ್ವ್ ಯಾವ ಥರದ್ದು ಅನ್ನೋದು ಮುಖ್ಯ. ಅದಕ್ಕೆ ಆಮೇಲೆ ಬರ್ತೀನಿ, ಅದೇ ಈ ರಿವ್ಯೂನ ಅಸಲಿ ಸಂಗತಿ.

ಯಾಕೆ ಬೇಕಾಯ್ತು ಅಂದ್ರೆ, ತಾರಸಿ ಮೇಲೆ ಮೂವತ್ತರ ಮೇಲೆ ಕುಂಡ ಇದೆ. ಎರಡು ದುಂಡು ಮಲ್ಲಿಗೆ, ಕರಿಬೇವು, ಬಸಳೆ ಬಳ್ಳಿ, ದೊಡ್ಡಪತ್ರೆ, ಹಸಿಮೆಣಸಿನಕಾಯಿ, ಬದನೆ, ಟೊಮ್ಯಾಟೊ, ನೀರಿನ ಟ್ಯಾಂಕ್ ಸ್ಟ್ಯಾಂಡಿಗೆ ಹಬ್ಬಿಸಿರೋ ಹೀರೆ, ಇನ್ನು ಹೆಸರು ಗೊತ್ತಿಲ್ದೆ ಯಾರ್ಯಾರ ಮನೆಯಿಂದಲೋ ಕೈಗೆ ಬಂದ ಕಡ್ಡಿಗಳು. ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಮೇಲೆ ಹೋಗಿ ಯಾವ ಗಿಡ ಮೊಗ್ಗು ಬಿಟ್ಟಿದೆ, ಯಾವ ಎಲೆ ಹಿಂದೆ ಬಿಳಿ ಹಿಟ್ಟು ತಿಗಣೆ ಕೂತಿದೆ ನೋಡೋದು, ಅರ್ಧ ಗಂಟೆ ಎಲ್ಲಿ ಹೋಯ್ತು ಗೊತ್ತಾಗಲ್ಲ. ಇದು ಒಂದು ಖುಷಿ. ಇನ್ನೊಂದು ಖುಷಿ ಕಾಲೇಜ್ ಗ್ಯಾಂಗ್. ಎಲ್ರಿಗೂ ಕೆಲಸ ಸಂಸಾರ ಎಲ್ಲ ಇದ್ರೂ ಶುಕ್ರವಾರ ಸಂಜೆ ಗ್ರೂಪಲ್ಲಿ ಒಬ್ರು "ನಾಳೆ ಹೊರಡೋಣ್ವಾ" ಅಂತ ಹಾಕಿದ್ರೆ ರಾತ್ರಿ ಒಳಗೆ ಗಾಡಿ ರೆಡಿ. ಈ ಎರಡು ಖುಷಿಗೂ ಒಂದಕ್ಕೊಂದು ಆಗಿಬರಲ್ಲ ಅನ್ನೋದೇ ಕಷ್ಟ. ಮಾರ್ಚ್ ಏಪ್ರಿಲಲ್ಲಿ ಕೊಕೊಪೀಟ್ (ತೆಂಗಿನ ಸಿಪ್ಪೆ ಪುಡಿ) ಜಾಸ್ತಿ ಹಾಕಿರೋ ಗ್ರೋ ಬ್ಯಾಗು ಬೆಳಗ್ಗೆ ನೀರು ಕುಡಿದ್ರೆ ಸಂಜೆ ಹೊತ್ತಿಗೆ ಹಗುರ ಆಗಿ ಕೂತಿರತ್ತೆ, ಎರಡು ದಿನ ಬಿಟ್ರೆ ಬದನೆ ಎಲೆ ಜೋತು ಬೀಳತ್ತೆ, ಕೊತ್ತಂಬರಿ ಕಥೆ ಮುಗೀತು.

ಪಕ್ಕದ ಮನೆಯವರಿಗೆ ಹೇಳಿ ಹೋಗ್ಬೋದಲ್ಲ ಅಂತೀರ. ಹೋಗ್ಬೋದು. ಕೆಳಗಿನ ಮನೆ ಅಂಕಲ್ ಪ್ರೀತಿಯಿಂದಲೇ ಹಾಕ್ತಾರೆ, ಆದ್ರೆ ಅವರ ಲೆಕ್ಕದಲ್ಲಿ ಗಿಡ ಅಂದ್ರೆ ಗಿಡ, ಲೋಳೆಸರಕ್ಕೂ ಅರ್ಧ ಬಕೆಟ್ ಬಸಳೆಗೂ ಅರ್ಧ ಬಕೆಟ್. ಪ್ರತಿ ಸಲ ಕೇಳೋಕೂ ಮುಜುಗರ, ಬರ್ತಾ ಅವರಿಗೆ ಏನಾದ್ರೂ ತರಬೇಕು ಅಂತ ಟೆನ್ಶನ್ನು ಬೇರೆ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಬೋರಲು ಹಾಕೋ ಐಡಿಯಾ ಎಲ್ಲ ವಿಡಿಯೋದಲ್ಲೂ ಬರತ್ತಲ್ಲ, ಅದು ಒಂದು ಕುಂಡದಲ್ಲಿ ಒಂದು ಗಂಟೇಲಿ ಖಾಲಿ ಆಗತ್ತೆ, ಪಕ್ಕದ ಕುಂಡದಲ್ಲಿ ಎರಡು ದಿನ ಆದ್ರೂ ಇಳಿದಿರಲ್ಲ. ಕಾಟನ್ ಬತ್ತಿ ಬಕೆಟಿಂದ ಕುಂಡಕ್ಕೆ ಎಳೆಯೋದು ಮಾತ್ರ ನಿಜವಾಗ್ಲೂ ಕೆಲಸ ಮಾಡತ್ತೆ, ಮಣ್ಣಿನ ಕುಡಿಕೆ ಹೂತು ನೀರು ತುಂಬಿಡೋದೂ ಅಷ್ಟೇ ಚೆನ್ನಾಗಿದೆ, ಕುಡಿಕೆ ಗೋಡೆಯಿಂದ ನಿಧಾನಕ್ಕೆ ನೀರು ಜಿನುಗಿ ಬೇರು ತಾನಾಗೇ ಅದರ ಸುತ್ತ ಹೆಣ್ಕೊಳತ್ತೆ. ಐದಾರು ಕುಂಡ ಇರೋರು ಇದನ್ನೇ ಮಾಡಿ, ಈ ರಿವ್ಯೂ ಇಲ್ಲಿಗೇ ಬಿಟ್ಬಿಡಿ, ದುಡ್ಡು ಉಳಿಸಿ. ಮೂವತ್ತು ಕುಂಡಕ್ಕೆ ಕುಡಿಕೆ ಹೂಳ್ತಾ ಕೂತ್ರೆ ಗಿಡಕ್ಕೆ ಜಾಗ ಎಲ್ಲಿ ಬರಬೇಕು.

ಸರಿ, ಕಿಟ್. ಡಬ್ಬಿ ಒಳಗೆ ಬಂದಿದ್ದು ನಲ್ಲಿಗೆ ತಿರುಗಿಸೋ ಟೈಮರ್, ಒಂದು ಚಿಕ್ಕ ಜಾಲರಿ ಫಿಲ್ಟರ್, 16 ಎಂಎಂ ಕಪ್ಪು ಪೈಪು, 4 ಎಂಎಂ ಸಣ್ಣ ಟ್ಯೂಬು, ತೂತು ಹಾಕೋ ಪಂಚ್, ಟ್ಯೂಬ್ ತುದಿಯಲ್ಲಿ ತೊಟ್ಟುತೊಟ್ಟು ನೀರು ಬಿಡೋ ಡ್ರಿಪ್ಪರ್‌ಗಳು, ಕಡ್ಡಿಗಳು, ಪೈಪ್ ಕವಲೊಡೆಯೋ ಟೀ, ತಿರುವಿಗೆ ಎಲ್ಬೋ, ತುದಿ ಮುಚ್ಚೋ ಎಂಡ್ ಕ್ಯಾಪ್. ಟೈಮರು ಪೈಪು ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಆಯ್ತು. ಟೈಮರಿಲ್ಲದ ಬರೀ ಪೈಪಿನ ಕಿಟ್ ತುಂಬಾ ಕಡಿಮೆಗೆ ಸಿಗತ್ತೆ, ಆದ್ರೆ ನಲ್ಲಿ ತಿರುಗಿಸೋಕೆ ಮನೇಲಿ ಜನ ಇದ್ರೆ ಕಿಟ್ಟೇ ಯಾಕೆ.

ಈಗ ವಾಲ್ವ್ ವಿಷಯ. ಟೈಮರಲ್ಲಿ ಎರಡು ಜಾತಿ. ಒಂದು ಸೊಲೆನಾಯ್ಡ್, ಒಳಗೆ ರಬ್ಬರ್ ಪರದೆ ಇರತ್ತೆ, ಅದು ತೆರೆದ್ಕೊಳ್ಳೋಕೆ ನೀರಿನ ಒತ್ತಡವೇ ಸಹಾಯ ಮಾಡಬೇಕು. ಇನ್ನೊಂದು ಬಾಲ್ ವಾಲ್ವ್, ಸಣ್ಣ ಮೋಟರು ಒಂದು ತೂತಿರೋ ಗುಂಡನ್ನ ತಿರುಗಿಸತ್ತೆ, ಒತ್ತಡ ಇರ್ಲಿ ಬಿಡ್ಲಿ ತೆರೆಯತ್ತೆ. ಹತ್ತು ಮೀಟರ್ ಎತ್ತರದ ನೀರು ನಿಂತ್ರೆ ಬುಡದಲ್ಲಿ ಹೆಚ್ಚೂಕಮ್ಮಿ ಒಂದು ಬಾರ್ ಒತ್ತಡ. ನಮ್ಮ ತಾರಸಿ ಟ್ಯಾಂಕು ಐದಾರು ಅಡಿ ಸ್ಟ್ಯಾಂಡ್ ಮೇಲೆ ಇರತ್ತೆ, ಒಳಗೆ ಮೂರು ಅಡಿ ನೀರು ಇದ್ರೂ ಎಲ್ಲ ಸೇರಿ ಎರಡೂವರೆ ಮೂರು ಮೀಟರ್, ಅಂದ್ರೆ ಕಾಲು ಬಾರ್ ಅಷ್ಟೇ. ಸೊಲೆನಾಯ್ಡ್ ಟೈಮರ್ ಎಷ್ಟೋ ಮಾಡೆಲ್‌ಗೆ ಇದು ಸಾಲಲ್ಲ. ನಮ್ಮ ಗ್ಯಾಂಗಲ್ಲೇ ಒಬ್ಬಳು ರೇಟಿಂಗ್ ಚೆನ್ನಾಗಿದೆ ಅಂತ ಅದನ್ನ ತರಿಸಿದ್ಲು, ಟಕ್ ಅಂತ ಶಬ್ದ ಬರತ್ತೆ ನೀರು ಬರಲ್ಲ, ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ "ಮೇಡಂ ಪ್ರೆಷರ್ ಪಂಪ್ ಇದ್ಯಾ" ಅಂತಾರೆ. ಆ ರೇಟಿಂಗ್ ಕೊಟ್ಟೋರ ಮನೇಲಿ ಪಂಪ್ ಇರ್ಬೇಕು ಬಿಡಿ. ನೀವು ಪ್ರಾಡಕ್ಟ್ ವಿವರಣೆಯಲ್ಲಿ "ಬಾಲ್ ವಾಲ್ವ್", "ಜೀರೋ ಪ್ರೆಷರ್" ಅಥವಾ "ಟ್ಯಾಂಕ್ ನೀರಿಗೆ ಆಗತ್ತೆ" ಅಂತ ಇದ್ಯಾ ನೋಡಿ, ಇಲ್ಲಾಂದ್ರೆ ಬಿಟ್ಬಿಡಿ.

ಇದೇ ಲೆಕ್ಕ ಡ್ರಿಪ್ಪರ್‌ಗೂ. ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿರೋದು ಒಂದು ಬಾರ್ ಒತ್ತಡಕ್ಕೆ. ಕಾಲು ಬಾರಲ್ಲಿ ಅದು ಅರ್ಧಕ್ಕರ್ಧ ಇಳಿದು 2 ಲೀಟರ್ ಹತ್ರ ಬರತ್ತೆ. ನಂಬಿಕೆ ಬರದಿದ್ರೆ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಬಿಟ್ಟು ಅಳೀರಿ, ನಾನು ಹಾಗೇ ಮಾಡಿದ್ದು, ತಾರಸಿ ತುಂಬ ಸ್ಟೀಲ್ ಲೋಟ ಇಟ್ಟಿದ್ದು ನೋಡಿ ಎದುರು ಮನೆಯವರು ಏನೋ ವ್ರತ ಅನ್ಕೊಂಡ್ರು. ಪ್ರೆಷರ್ ಕಾಂಪೆನ್ಸೇಟಿಂಗ್ ಅಂತ, ಒತ್ತಡ ಏರುಪೇರಾದ್ರೂ ಒಂದೇ ಅಳತೆ ನೀರು ಬಿಡೋ ಜಾಸ್ತಿ ಬೆಲೆ ಡ್ರಿಪ್ಪರ್ ಬರತ್ತೆ, ಹೊಲಕ್ಕೆ ಅದು ಒಳ್ಳೇದೇ, ಆದ್ರೆ ಅದು ಸರಿಯಾಗಿ ನಡೀಬೇಕಂದ್ರೆ ಇದಕ್ಕಿಂತ ಜಾಸ್ತಿ ಒತ್ತಡ ಬೇಕು, ಟ್ಯಾಂಕ್ ನೀರಿಗೆ ಅದಕ್ಕೆ ದುಡ್ಡು ಸುರೀಬೇಡಿ. ತಿರುಗಿಸಿ ಹೆಚ್ಚುಕಡಿಮೆ ಮಾಡೋ ಅಗ್ಗದ ಡ್ರಿಪ್ಪರೇ ಸಾಕು. ಲೋಳೆಸರಕ್ಕೆ ಬಿಗಿ ಮಾಡಿ, ಬಸಳೆಗೆ ಸಡಿಲ ಬಿಡಿ, ಅಂಕಲ್‌ಗೆ ಹೇಳೋದಕ್ಕಿಂತ ಸುಲಭ.

ಜೋಡಿಸೋಕೆ ಒಂದು ಮಧ್ಯಾಹ್ನ ಬೇಕು. ಪ್ಲಂಬರ್ ಬೇಡ. ಪ್ಯಾರಾಪೆಟ್ ಗೋಡೆ ಪಕ್ಕ ದಪ್ಪ ಪೈಪು ಓಡಿಸಿ, ಅಲ್ಲಲ್ಲಿ ಪಂಚ್ ಮಾಡಿ, ಸಣ್ಣ ಟ್ಯೂಬ್ ಸಿಗಿಸಿ ಕುಂಡಕ್ಕೆ ಬಿಡೋದು. ಟ್ಯೂಬ್ ತುದಿ ಗಟ್ಟಿ ಅನ್ಸಿದ್ರೆ ಬಿಸಿ ನೀರಲ್ಲಿ ಅದ್ದಿ, ಮೆತ್ತಗಾಗಿ ಕೂತ್ಕೊಳತ್ತೆ. ಮ್ಯಾನ್ಯುಯಲಲ್ಲಿ ಇಲ್ಲದ ಒಂದು ಟಿಪ್ ಹೇಳ್ತೀನಿ. ಪೈಪ್ ಕೊನೆಗೆ ಎಂಡ್ ಕ್ಯಾಪ್ ಹಾಕೋ ಬದ್ಲು ಅದನ್ನ ಸುತ್ತಿಸಿ ತಂದು ಶುರು ಆಗೋ ಕಡೆ ಟೀ ಹಾಕಿ ಸೇರಿಸ್ಬಿಡಿ, ಉಂಗುರದ ಥರ. ಆಗ ನೀರು ಎರಡೂ ಕಡೆಯಿಂದ ಬರತ್ತೆ, ಕೊನೇ ಕುಂಡಕ್ಕೂ ಮೊದಲನೇ ಕುಂಡಕ್ಕೂ ಅಷ್ಟಾಗಿ ವ್ಯತ್ಯಾಸ ಉಳಿಯಲ್ಲ. ಮೂರು ಮೆಟ್ಟಿಲ ಸ್ಟ್ಯಾಂಡ್ ಮೇಲಿರೋ ಕುಂಡಗಳಿಗೆ ಮಾತ್ರ ಸ್ವಲ್ಪ ಕಮ್ಮಿನೇ ಬರೋದು, ಅದಕ್ಕೆ ಡ್ರಿಪ್ಪರ್ ಜಾಸ್ತಿ ತೆರೀಬೇಕು.

ನನ್ನ ಸೆಟ್ಟಿಂಗ್ ಬೇಸಿಗೇಲಿ ಬೆಳಗ್ಗೆ ಆರಕ್ಕೆ ಹದಿನೈದು ನಿಮಿಷ, ಸಂಜೆ ಆರಕ್ಕೆ ಹದಿನೈದು ನಿಮಿಷ. ಕುಂಡಕ್ಕೆ ದಿನಕ್ಕೆ ಒಂದು ಲೀಟರ್, ಒಟ್ಟು ಮೂವತ್ತು ಲೀಟರ್ ಚಿಲ್ಲರೆ. ಪೈಪ್ ಹಿಡ್ಕೊಂಡು ನಿಂತು ಹಾಕೋವಾಗ ಅರ್ಧ ನೀರು ಕುಂಡದ ಬುಡದಿಂದ ಹರಿದು ತಾರಸಿ ಮೋರಿಗೆ ಹೋಗ್ತಿತ್ತು, ಅದು ನಿಂತಿದೆ. 2024ರ ಮಾರ್ಚಲ್ಲಿ ಬೋರ್ವೆಲ್ ಎಲ್ಲ ಬತ್ತಿದಾಗ ಜಲಮಂಡಳಿಯವರು ಕುಡಿಯೋ ನೀರು ಗಿಡಕ್ಕೆ, ಕಾರ್ ತೊಳೆಯೋಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದಿದ್ರಲ್ಲ, ಆವಾಗ ತಾರಸಿ ತೋಟದವರೆಲ್ಲ ಆರ್‌ಒ ವೇಸ್ಟ್ ನೀರು, ಅಕ್ಕಿ ತೊಳೆದ ನೀರು ಅಂತ ಬಕೆಟ್ ಹೊತ್ಕೊಂಡು ಓಡಾಡಿದ್ವಿ. ಅದರಲ್ಲಿ ಅಕ್ಕಿ ತೊಳೆದ ನೀರು ಡ್ರಿಪ್ಪಿಗೆ ಹಾಕೋ ಹಾಗಿಲ್ಲ, ಗಂಜಿ ಕಟ್ಕೊಂಡು ಎಲ್ಲ ಬ್ಲಾಕ್ ಆಗತ್ತೆ. ಅದನ್ನ ಕೈಯಲ್ಲೇ ಹಾಕಿ. ಬೇವಿನ ಹಿಂಡಿ ನೆನೆಸಿದ ನೀರು, ಜೀವಾಮೃತ ಇದೂ ಅಷ್ಟೇ.

ಗಿಡಗಳಲ್ಲಿ ವ್ಯತ್ಯಾಸ ಕಂಡಿದ್ದು ಟೊಮ್ಯಾಟೊದಲ್ಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ಹಾಕಿದೀನಿ, ಎಲೆ ಸುರುಳಿ ರೋಗ, ಬ್ಯಾಕ್ಟೀರಿಯಾ ಬಾಡು ರೋಗ, ಎಲೆ ಅಂಗಮಾರಿ ಮೂರನ್ನೂ ತಡ್ಕೊಳೋ ತಳಿ. ರೋಗ ಏನೋ ಬರ್ತಿರ್ಲಿಲ್ಲ, ಆದ್ರೆ ಕಾಯಿ ತಳ ಕಪ್ಪಾಗಿ ಚರ್ಮದ ಥರ ಗಟ್ಟಿ ಆಗ್ತಿತ್ತು. ಅದು ಹುಳ ಅಲ್ಲ ರೋಗಾನೂ ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಸೇರದೇ ಆಗೋದು, ಒಂದಿನ ಒಣಗಿಸಿ ಒಂದಿನ ನೆನೆಸಿದ್ರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ರೂ ಗಿಡ ಎಳ್ಕೊಳಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಅಳತೆ ನೀರು ಶುರು ಆದ್ಮೇಲೆ ಅದು ಬಹಳ ಕಮ್ಮಿ ಆಯ್ತು. ಮೆಣಸಿನಗಿಡಾನೂ ಹೂವು ಉದುರಿಸೋದು ನಿಲ್ಸಿದೆ. ಕೊತ್ತಂಬರಿ ಮೆಂತ್ಯ ಸೊಪ್ಪಿಗೆ ಮಾತ್ರ ಡ್ರಿಪ್ ಬೇಡ, ಒಂದು ಕಡೆ ತೊಟ್ಟಿಕ್ಕಿ ಅಲ್ಲಿ ಮಾತ್ರ ಹಸಿರು ಉಳಿದು ಸುತ್ತ ಒಣಗತ್ತೆ, ಅವಕ್ಕೆ ಸಣ್ಣ ಸ್ಪ್ರೇ ನಾಜಲ್ ಬೇರೆ ತಗೋಬೇಕು. ಮಲ್ಲಿಗೆಗೆ ಇನ್ನೂ ಸ್ವಲ್ಪ ಬಾಯಾರಿಸಿದ್ರೇ ಮೊಗ್ಗು ಚೆನ್ನಾಗಿ ಬರತ್ತೆ ಅಂತ ನಮ್ಮಮ್ಮ, ಹಾಗಾಗಿ ಅದರ ಡ್ರಿಪ್ಪರ್ ಬಿಗಿ.

ಇದನ್ನ ನಂಬಿ ಮೊದಲು ಹೋಗಿದ್ದು ಕೆಮ್ಮಣ್ಣುಗುಂಡಿಗೆ. ತುಮಕೂರು ರಸ್ತೇಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಬೆಣ್ಣೆ ಮೇಲೆ ಜಾರ್ತಿರತ್ತಲ್ಲ ಅದು, ಎರಡು ತಿಂದ್ರೆ ಮಧ್ಯಾಹ್ನದ ಊಟ ಮರೆತುಹೋಗತ್ತೆ. ಆಮೇಲೆ ತಿಪಟೂರು. ನಮ್ಮ ಗಾಡಿ ಅಲ್ಲಿ ನಿಲ್ಲದೇ ಇರಲ್ಲ, ಕೊಬ್ಬರಿ ಊರು, ರಸ್ತೆ ಪಕ್ಕ ತೆಂಗಿನ ಸಿಪ್ಪೆ ಗುಡ್ಡೆಗುಡ್ಡೆ. ಬೆಂಗಳೂರಲ್ಲಿ ಇಟ್ಟಿಗೆ ಮಾಡಿ ಪ್ಯಾಕ್ ಮಾಡಿ ಮಾರೋ ಕೊಕೊಪೀಟ್ ಅಂದ್ರೆ ಅದೇ ನಾರು ತೆಗೆದ ಮೇಲೆ ಉಳಿಯೋ ಪುಡಿ. ಹಸಿ ಪುಡಿ ತಂದ್ರೆ ಎರಡು ಮೂರು ಸಲ ನೀರಲ್ಲಿ ತೊಳೆದೇ ಹಾಕಬೇಕು, ಉಪ್ಪಿನಂಶ ಇರತ್ತೆ. ಇನ್ನೊಂದು ವಿಷಯ, ಡ್ರಿಪ್ ಸಾಮಾನು ಇಂಥ ಊರಲ್ಲೇ ತಗೊಳ್ಳಿ. ತೆಂಗು ಅಡಿಕೆ ಬೆಳೆಯೋ ಕಡೆ ಪ್ರತಿ ಪೇಟೇಲೂ ರೈತರಿಗೆ ಅಂತ ಡ್ರಿಪ್ ಪೈಪಿನ ಅಂಗಡಿ ಇರತ್ತೆ, ಆನ್‌ಲೈನಲ್ಲಿ ಹತ್ತು ಎಲ್ಬೋಗೆ ಕೇಳೋ ದುಡ್ಡಿಗೆ ಇಲ್ಲಿ ಕವರ್ ತುಂಬ ಕೊಡ್ತಾರೆ. "ಎಷ್ಟು ಎಕ್ರೆ ಮೇಡಂ" ಅಂದ್ರು ಅಂಗಡಿಯವರು. ಮೂವತ್ತು ಕುಂಡ ಅಂದಿದ್ದಕ್ಕೆ ನಕ್ಕು ಎರಡು ಗ್ರೋಮೆಟ್ (ಪೈಪ್ ಜೋಡಣೆಗೆ ಹಾಕೋ ರಬ್ಬರ್ ಉಂಗುರ) ಫ್ರೀ ಕೊಟ್ರು.

ಅರಸೀಕೆರೆ, ಕಡೂರು, ಬೀರೂರು ದಾಟಿ ಲಿಂಗದಹಳ್ಳಿ ಕಡೆ ತಿರುಗಿದ್ರೆ ಘಾಟಿ ಶುರು. ದಾರೀಲಿ ಕಲ್ಲತ್ತಿಗಿರಿ, ವೀರಭದ್ರ ಸ್ವಾಮಿ ಗುಡಿ ಪಕ್ಕಾನೇ ನೀರು ಧುಮುಕತ್ತೆ. ಮೇಲೆ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ, ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೀತಿದ್ದ ಜಾಗ, ಭದ್ರಾವತಿ ಕಾರ್ಖಾನೆಗೆ ಇಲ್ಲಿಂದ ಕಬ್ಬಿಣದ ಅದಿರು ಹೋಗ್ತಿತ್ತು. ಈಗ ಗಿರಿಧಾಮ ನೋಡ್ಕೊಳೋದು ತೋಟಗಾರಿಕೆ ಇಲಾಖೆ, ಅದಕ್ಕೇ ಗಿಡದ ಹುಚ್ಚಿರೋರಿಗೆ ಇದು ಬೇರೆ ಹಿಲ್ ಸ್ಟೇಶನ್ ಥರ ಅಲ್ಲ. ಎಲ್ರೂ ಜೀಪ್ ಹತ್ತಿ ಹೆಬ್ಬೆ ಫಾಲ್ಸ್ ಕಡೆ ಓಡ್ತಿದ್ರೆ ನಾವಿಬ್ರು ಗುಲಾಬಿ ಪಾತಿ ಮುಂದೆ ಕೂತು ಸವರಿದ ಕಡ್ಡಿ ಎಲ್ಲಿ ಕತ್ತರಿಸಿದಾರೆ ನೋಡ್ತಾ ಇದ್ವಿ, ಹೊರಗಡೆ ಮುಖ ಮಾಡಿರೋ ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸ್ತಾರೆ, ಗಿಡದ ನಡುವೆ ಗಾಳಿ ಬೆಳಕು ಆಡ್ಲಿ ಅಂತ. ಮಾಲಿ ಒಬ್ರು ಬಂದು ಬೆಂಗಳೂರು ಗುಲಾಬಿಗೂ ಇಲ್ಲಿಯದಕ್ಕೂ ವ್ಯತ್ಯಾಸ ಮಂಜು ಕಣಮ್ಮ, ಅದನ್ನ ಎಲ್ಲಿಂದ ತರ್ತೀರ ಅಂದ್ರು. ಹೌದಲ್ವಾ. ಬೆಳಗ್ಗೆ ಜೆಡ್ ಪಾಯಿಂಟ್ ಅನ್ನೋ ಗುಡ್ಡದ ತುದಿಗೆ ನಡೆದ್ವಿ, ಮೋಡ ಕಾಲ ಕೆಳಗೆ ಹರಿದಾಡ್ತಿತ್ತು, ಒಬ್ಬ ಫ್ಲಾಸ್ಕಲ್ಲಿ ಚಹಾ ತಂದಿದ್ದ, ಸಕ್ಕರೆ ಮರೆತಿದ್ದ, ಆದ್ರೂ ಅದಕ್ಕೆ ಜಗಳ. ಮಳೆ ಬಿದ್ದಿದ್ರೆ ಹೆಬ್ಬೆ ದಾರೀಲಿ ಇಂಬಳ ಇರತ್ತೆ, ಪ್ಯಾಂಟ್ ಕಾಲ್ಚೀಲದೊಳಗೆ ಸಿಗಿಸ್ಕೊಂಡು ಹೋಗಿ.

ಇಡೀ ಹೊತ್ತು ಗಿಡದ ಯೋಚನೆ ಬರ್ಲಿಲ್ಲ ಅಂದ್ರೆ ಸುಳ್ಳು. ಶನಿವಾರ ಸಂಜೆ ಆರು ಗಂಟೆಗೆ ಸರಿಯಾಗಿ ಗಡಿಯಾರ ನೋಡ್ದೆ. ಕಿಟ್‌ಗೆ ವೈಫೈ ಇಲ್ಲ, ನನ್ನ ಪ್ರಕಾರ ಇಲ್ದಿರೋದೇ ವಾಸಿ. ಆ್ಯಪ್ ಇದ್ದಿದ್ರೆ ಗುಡ್ಡದ ಮೇಲೆ ನಿಂತು ನೆಟ್‌ವರ್ಕ್ ಹುಡುಕ್ತಾ ಇರ್ತಿದ್ದೆ. ವಾಪಸ್ ಬಂದಾಗ ಎಲ್ಲ ಸರಿ ಇತ್ತು, ಒಂದು ಬದನೆ ಕುಂಡದ ಟ್ಯೂಬ್ ಕಿತ್ತು ಬಂದು ಪಕ್ಕದ ದೊಡ್ಡಪತ್ರೆಗೆ ಡಬಲ್ ನೀರು ಹೋಗಿತ್ತು ಅಷ್ಟೇ. ದೊಡ್ಡಪತ್ರೆ ಏನೂ ಬೇಜಾರು ಮಾಡ್ಕೊಂಡಿಲ್ಲ.

ಈಗ ದೂರುಗಳು, ಇವೆ. ದೊಡ್ಡದು ಬ್ಯಾಟರಿ. ಬಾಲ್ ವಾಲ್ವ್ ಟೈಮರಲ್ಲಿ ವಾಲ್ವ್ ತೆರೆದಿರೋವಾಗ ಬ್ಯಾಟರಿ ಸತ್ರೆ ಮುಚ್ಚೋಕೆ ಶಕ್ತಿ ಇಲ್ದೇ ಹಾಗೇ ತೆರೆದೇ ಇರ್ಬೋದು, ಓನರ್ ಟ್ಯಾಂಕು ರಾತ್ರೋರಾತ್ರಿ ಖಾಲಿ. ಬ್ಯಾಟರಿ ಕಡ್ಡಿ ಕಡಿಮೆ ತೋರಿಸ್ತಿದ್ರೆ ಊರಿಗೆ ಹೋಗೋ ಹಿಂದಿನ ದಿನ ಬದಲಾಯಿಸಿ, ಆಲ್ಕಲೈನ್ ಹಾಕಿ, ರಿಮೋಟಿಗೆ ಹಾಕೋ ಅಗ್ಗದ್ದು ಬೇಡ. ಬ್ಯಾಟರಿ ಮುಚ್ಚಳದ ರಬ್ಬರ್ ಸೀಲ್ ಕೂಡ ತೆಳು, ನಾನು ಟೈಮರ್ ಮೇಲೆ ಹಳೇ ಐಸ್‌ಕ್ರೀಮ್ ಡಬ್ಬಿ ಬೋರಲು ಹಾಕಿದೀನಿ, ಬಿಸಿಲು ಮಳೆ ಎರಡಕ್ಕೂ ಆಯ್ತು. ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಏರಿಯಾ ಆದ್ರೆ ಟ್ಯಾಂಕ್ ತುಂಬ್ಸಿ ಹೊರಡಿ, ಟೈಮರ್ ನೀರು ಹುಟ್ಟಿಸಲ್ಲ.

ಬೋರ್ವೆಲ್ ನೀರಿನವರಿಗೆ ಇನ್ನೊಂದು ಕಾಟ, ಗಡಸು ನೀರು. ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟತ್ತೆ. ಬಿಚ್ಚಿ ಒಂದು ರಾತ್ರಿ ವಿನೆಗರಲ್ಲಿ ನೆನೆಹಾಕಿ ಉಜ್ಜಿದ್ರೆ ಹೋಗತ್ತೆ. ಫಿಲ್ಟರ್ ಜಾಲರಿ ವಾರಕ್ಕೊಮ್ಮೆ ತೊಳೀರಿ, ಟ್ಯಾಂಕ್ ತಳದ ಕೆಸರು ಮೊದಲು ಅಲ್ಲೇ ಕೂರೋದು, ಫಿಲ್ಟರ್ ಇಲ್ಲದ ಕಿಟ್ ಮಾತ್ರ ತಗೋಬೇಡಿ. ಪೈಪು ಟ್ಯೂಬು ಎರಡೂ ಕಪ್ಪು ಬಣ್ಣದ್ದೇ ಇರ್ಲಿ. ಪಾರದರ್ಶಕ ಟ್ಯೂಬ್ ನೋಡೋಕೆ ಚಂದ, ಬಿಸಿಲಿಗೆ ಒಳಗೆ ಪಾಚಿ ಬೆಳೆಯತ್ತೆ. ಅಳಿಲುಗಳ ಬಗ್ಗೆ ಏನೂ ಮಾಡೋಕಾಗಲ್ಲ. ಬೇಸಿಗೇಲಿ ಅವಕ್ಕೂ ಬಾಯಾರತ್ತೆ, ಟ್ಯೂಬ್ ಕಚ್ಚತ್ತೆ, ಒಂದು ಬಟ್ಟಲಲ್ಲಿ ನೀರು ಇಟ್ಟ ಮೇಲೆ ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ಹೆಚ್ಚುವರಿ ಟ್ಯೂಬ್ ಒಂದು ಸುತ್ತು ಮನೇಲಿ ಇಟ್ಕೊಳ್ಳಿ.

ಮತ್ತೆ ಇದಕ್ಕೆ ಮಳೆ ಗೊತ್ತಾಗಲ್ಲ. ಏಪ್ರಿಲ್ ಮೇನಲ್ಲಿ ಸಂಜೆ ಧೋ ಅಂತ ಸುರಿದು ನಿಂತ ಮೇಲೂ ಆರು ಗಂಟೆಗೆ ಸರಿಯಾಗಿ ನೀರು ಬಿಡತ್ತೆ, ನಿಷ್ಠೆ ಅಂದ್ರೆ ಇದು. ಕೆಲವು ಮಾಡೆಲಲ್ಲಿ "ರೇನ್ ಡಿಲೇ" ಬಟನ್ ಇರತ್ತೆ, ಒತ್ತಿದ್ರೆ ಒಂದು ಎರಡು ದಿನ ಸುಮ್ನಿರತ್ತೆ, ಆದ್ರೆ ಒತ್ತೋಕೆ ಮನೇಲಿ ಇರ್ಬೇಕಲ್ಲ. ಕುಂಡಗಳ ತಳದ ತೂತು ಸರಿಯಾಗಿದ್ರೆ ಒಂದೆರಡು ಹೊತ್ತು ಜಾಸ್ತಿ ಆದ್ರೂ ಗಿಡ ಸಾಯಲ್ಲ, ತೂತು ಕಟ್ಟಿರೋ ಕುಂಡದಲ್ಲಿ ಬಸಳೆ ಬೇರು ಕೊಳೆಯತ್ತೆ.

ಮಾರ್ಕ್ಸ್ ಕೊಡಿ ಅಂದ್ರೆ ಐದಕ್ಕೆ ನಾಲ್ಕು. ಒಂದು ಕಡಿತ ಆ ಬ್ಯಾಟರಿ ಮುಚ್ಚಳಕ್ಕೆ ಮತ್ತೆ ಮ್ಯಾನ್ಯುಯಲ್‌ಗೆ, ಅದರಲ್ಲಿ ಒತ್ತಡದ ಬಗ್ಗೆ ಒಂದು ಸಾಲು ಇಲ್ಲ. ಇಪ್ಪತ್ತರ ಮೇಲೆ ಕುಂಡ ಇದ್ದು ತಿಂಗಳಿಗೊಮ್ಮೆಯಾದ್ರೂ ಊರು ಬಿಡೋರಿಗೆ ಇದು ಕಾಸಿಗೆ ಮೋಸ ಇಲ್ಲ. ಬಾಡಿಗೆ ಮನೆಯವರು ತಾರಸಿ ನಲ್ಲಿಗೆ ಟೈಮರ್ ಹಾಕೋ ಮುಂಚೆ ಓನರಿಗೆ ಒಂದು ಮಾತು ಹೇಳಿ, ಆ ಲೋಟದ ಲೆಕ್ಕ ತೋರಿಸಿ, ಮೂವತ್ತು ಲೀಟರ್ ಅಂದ್ರೆ ಎರಡು ಬಕೆಟ್ ಅಂತ ಗೊತ್ತಾದ್ರೆ ಯಾರೂ ಬೇಡ ಅನ್ನಲ್ಲ. ಜೂನಲ್ಲಿ ಮಳೆ ಹಿಡ್ಕೊಂಡ ಮೇಲೆ ಟೈಮರ್ ಬಿಚ್ಚಿ, ಬ್ಯಾಟರಿ ತೆಗೆದು, ಒಳಗಿನ ನೀರು ಬಗ್ಗಿಸಿ ಒಣಗಿಸಿ ಡಬ್ಬಿಗೆ ಹಾಕಿಡಿ. ಪೈಪು ತಾರಸಿ ಮೇಲೇ ಇರ್ಲಿ, ಬಾಯಿಗೆ ಮಾತ್ರ ಬಟ್ಟೆ ಕಟ್ಟಿ, ಇರುವೆ ಗೂಡು ಮಾಡತ್ತೆ.